ಎಲೆಕ್ಟ್ರಿಕ್ ಕಾರಿನ ವಿಮೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ: ಲೆಕ್ಕ ಹಾಕುವ ಕ್ರಮ, ಹಂತ ಹಂತವಾಗಿ

ಎಲೆಕ್ಟ್ರಿಕ್ ಕಾರಿಗೆ ವಿಮೆ ಮಾಡಿಸುವವರು ಸಾಮಾನ್ಯವಾಗಿ ಎರಡು ಮೂರು ಕಂಪನಿಗಳಿಂದ ಕೊಟೇಶನ್ ತರಿಸಿಕೊಂಡು, ಕೊನೆಯ ಸಾಲಿನ ಒಟ್ಟು ಮೊತ್ತಗಳನ್ನು ಹೋಲಿಸಿ, ಕಡಿಮೆ ಇರುವುದನ್ನು ಆರಿಸಿಕೊಳ್ಳುತ್ತಾರೆ. ಪೆಟ್ರೋಲ್ ಕಾರಿನ ಮಟ್ಟಿಗೆ ಈ ಪದ್ಧತಿಯಿಂದ ಆಗುವ ನಷ್ಟ ಅಷ್ಟೇನೂ ದೊಡ್ಡದಲ್ಲ, ಏಕೆಂದರೆ ಅಲ್ಲಿ ಯಾವ ಒಂದು ಬಿಡಿಭಾಗವೂ ಇಡೀ ವಾಹನದ ಬೆಲೆಯ ಮೂರನೇ ಒಂದು ಪಾಲನ್ನು ತಾನೊಂದೇ ಹೊತ್ತುಕೊಂಡಿರುವುದಿಲ್ಲ. ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಪ್ಯಾಕ್ ಅಂಥದೊಂದು ಭಾಗ. ಆದ್ದರಿಂದ ಇಲ್ಲಿ ವಿಮೆಯ ವೆಚ್ಚವೆಂದರೆ ವರ್ಷಕ್ಕೊಮ್ಮೆ ಕಟ್ಟುವ ಪ್ರೀಮಿಯಂ ಮಾತ್ರವಲ್ಲ. ಬ್ಯಾಟರಿಗೆ ಪೆಟ್ಟು ಬಿದ್ದ ದಿನ ನಿಮ್ಮ ಜೇಬಿನಿಂದ ಹೋಗುವ ಹಣವೂ ಅದರಲ್ಲಿ ಸೇರಬೇಕು. ಈ ಎರಡನ್ನೂ ಕೂಡಿಸಿ ನೋಡುವುದು ಹೇಗೆ ಎಂಬುದನ್ನು ಕೆಳಗೆ ವಿವರಿಸಿದ್ದೇನೆ. ಹಣದ ಲೆಕ್ಕ ಯಾವ ದೇಶದವರಿಗೂ ಹೊಂದುವಂತಿರಲಿ ಎಂದು ಹೊಸ ಕಾರಿನ ಬೆಲೆಯನ್ನು 100 ಎಂದಿಟ್ಟುಕೊಂಡು, ಉಳಿದೆಲ್ಲ ಮೊತ್ತಗಳನ್ನು ಅದರ ಪಾಲಾಗಿ ತೋರಿಸಿದ್ದೇನೆ.

ಪ್ರೀಮಿಯಂ ಏಕೆ ಹೆಚ್ಚು

ಕೊಟೇಶನ್ ಕೈಗೆ ಬರುವ ಮೊದಲು, ವಿಮಾ ಕಂಪನಿ ಯಾವುದಕ್ಕೆ ಹೆದರುತ್ತದೆ ಎಂಬುದನ್ನು ತಿಳಿದುಕೊಂಡಿದ್ದರೆ ಚೌಕಾಸಿ ಸುಲಭವಾಗುತ್ತದೆ. ಮಾದರಿಯನ್ನು ಅವಲಂಬಿಸಿ ಬ್ಯಾಟರಿ ಪ್ಯಾಕ್ ಕಾರಿನ ಬೆಲೆಯ ಸುಮಾರು ಕಾಲು ಭಾಗದಿಂದ ಶೇ. 40ರವರೆಗೆ ಇರುತ್ತದೆ. ಅದು ಬಹುತೇಕ ಕಾರುಗಳಲ್ಲಿ ನೆಲಹಾಸಿನ ಅಡಿಯಲ್ಲಿ, ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳವರೆಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಅಡಿಯಲ್ಲಿ ನಿಂತು ನೋಡಿದರೆ ಈ ಮಾತು ಕೂಡಲೇ ಅರ್ಥವಾಗುತ್ತದೆ: ತಲೆಯ ಮೇಲೆ ಅಗಲವಾದ ಲೋಹದ ತಟ್ಟೆ, ಅಂಚಿನುದ್ದಕ್ಕೂ ಸಾಲಾಗಿ ಬೋಲ್ಟುಗಳು, ಅದರಿಂದ ಹೊರಬಂದ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು. ರಸ್ತೆಯಲ್ಲಿ ಬಿದ್ದಿದ್ದ ಕಲ್ಲೊಂದು ಆ ತಟ್ಟೆಯಲ್ಲಿ ಹೆಬ್ಬೆರಳಿನಷ್ಟು ತಗ್ಗು ಮಾಡಿದ್ದರೆ, ಒಳಗಿನ ಸೆಲ್‌ಗಳಿಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ತಗ್ಗು ಎಷ್ಟು ಆಳವಾಗಿದ್ದರೆ ಪ್ಯಾಕ್ ಬದಲಿಸಬೇಕು ಎಂಬುದನ್ನು ತಯಾರಕರ ಕೈಪಿಡಿ ಹೇಳಬೇಕು. ಕೈಪಿಡಿ ಸುಮ್ಮನಿದ್ದರೆ ವರ್ಕ್‌ಶಾಪ್ ಅಪಾಯವನ್ನು ಮೈಮೇಲೆ ಎಳೆದುಕೊಳ್ಳದೆ ಪೂರ್ತಿ ಪ್ಯಾಕ್ ಬದಲಿಸಿ ಎಂದು ಬರೆದುಕೊಡುತ್ತದೆ.

ರಿಪೇರಿಯ ಕ್ರಮವೂ ದುಬಾರಿಯೇ. ಈ ಕಾರುಗಳ ಮುಖ್ಯ ವಿದ್ಯುತ್ ಜಾಲ ಸುಮಾರು 400 ವೋಲ್ಟ್‌ನದು, ಕೆಲವು ಹೊಸ ಮಾದರಿಗಳಲ್ಲಿ 800 ವೋಲ್ಟ್‌ನದು. ಬಂಪರ್ ಬಿಚ್ಚುವಂಥ ಸಣ್ಣ ಕೆಲಸ ಬಿಟ್ಟರೆ, ತರಬೇತಿ ಪಡೆದ ತಂತ್ರಜ್ಞ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇನ್ವರ್ಟರ್‌ನ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಮಾರ್ಪಡಿಸುವ ಸಾಧನ) ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಖಾಲಿಯಾಗಲು ಹಲವು ನಿಮಿಷ ಕಾದು, ಮೀಟರ್ ಹಿಡಿದು ವೋಲ್ಟೇಜ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಸ್ಪ್ಯಾನರ್ ಹಿಡಿಯುತ್ತಾನೆ. ಬಣ್ಣ ಹಚ್ಚಿದ ನಂತರ ಒಣಗಿಸುವ ಬೂತಿನ ಶಾಖಕ್ಕೂ ಬ್ಯಾಟರಿಯ ಕಾರಣದಿಂದ ಮಿತಿಯಿರುತ್ತದೆ. ಏರ್‌ಬ್ಯಾಗ್ ಹೊರಬರುವಂಥ ಡಿಕ್ಕಿಯಾದರೆ, ಅನೇಕ ಮಾದರಿಗಳಲ್ಲಿ ಸ್ಫೋಟಕ ಫ್ಯೂಸ್ ಒಂದು ಸಿಡಿದು ಅಧಿಕ ವೋಲ್ಟೇಜ್ ಸಂಪರ್ಕವನ್ನು ಕತ್ತರಿಸುತ್ತದೆ. ಅದು ಪ್ರಾಣ ಉಳಿಸುವ ಏರ್ಪಾಡು, ಆದರೆ ಅದನ್ನೂ ಬದಲಿಸಬೇಕು. ಇದರ ಮೇಲೆ ಕೆಲವು ತಯಾರಕರು ಕಾರಿನ ಹಿಂಬದಿಯ ಚೌಕಟ್ಟನ್ನು ಅನೇಕ ತುಂಡುಗಳ ಬದಲು ಒಂದೇ ದೊಡ್ಡ ಎರಕವಾಗಿ ಮಾಡುತ್ತಿದ್ದಾರೆ. ತಯಾರಿಕೆಯಲ್ಲಿ ಉಳಿದ ಹಣ ಡಿಕ್ಕಿಯ ನಂತರದ ರಿಪೇರಿಯಲ್ಲಿ ಮರಳಿ ಖರ್ಚಾಗುವ ಸಂಭವ ಇದರಲ್ಲಿದೆ.

ಬ್ರಿಟನ್ನಿನ ವಾಹನ ವಿಮಾ ವಲಯಕ್ಕಾಗಿ ಸಂಶೋಧನೆ ನಡೆಸುವ ಥ್ಯಾಚಮ್ ರಿಸರ್ಚ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬ್ಯಾಟರಿ ಕಾರಿನ ಅಪಘಾತದ ಕ್ಲೇಮ್ ಪೆಟ್ರೋಲ್–ಡೀಸೆಲ್ ಕಾರಿಗಿಂತ ಸುಮಾರು ಶೇ. 25ರಷ್ಟು ದುಬಾರಿಯಾಗಿತ್ತು, ರಿಪೇರಿಗೆ ಹಿಡಿಯುವ ಸಮಯ ಸುಮಾರು ಶೇ. 14ರಷ್ಟು ಹೆಚ್ಚಿತ್ತು. ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಅಮೆರಿಕದ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಫಾರ್ ಹೈವೇ ಸೇಫ್ಟಿ 2021ರಲ್ಲಿ ತಿಳಿಸಿದಂತೆ, ಒಂದೇ ಮಾದರಿಯ ಎರಡು ರೂಪಗಳನ್ನು ಹೋಲಿಸಿದಾಗ ಎಲೆಕ್ಟ್ರಿಕ್ ಕಾರಿನ ಚಾಲಕರು ಮತ್ತು ಪ್ರಯಾಣಿಕರ ಗಾಯದ ಕ್ಲೇಮ್‌ಗಳು ಶೇ. 40ಕ್ಕೂ ಹೆಚ್ಚು ಕಡಿಮೆ ಇದ್ದವು. ಕಾರಿನ ಹೆಚ್ಚುವರಿ ತೂಕ ಒಳಗಿರುವವರನ್ನು ಕಾಪಾಡುವುದು ಇದಕ್ಕೆ ಒಂದು ಕಾರಣ. ಅದೇ ತೂಕ ಎದುರಿನ ವಾಹನಕ್ಕೆ ಹೆಚ್ಚು ಪೆಟ್ಟು ಕೊಡಬಲ್ಲದು ಎಂಬುದನ್ನೂ ವಿಮಾ ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಮೊದಲ ಹಂತ: ಕಾರಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಬ್ಯಾಟರಿಯ ಸಾಮರ್ಥ್ಯ ಎಷ್ಟು ಕಿಲೋವ್ಯಾಟ್ ಅವರ್, ಮೋಟಾರಿನ ಶಕ್ತಿ ಎಷ್ಟು ಕಿಲೋವ್ಯಾಟ್, ಬ್ಯಾಟರಿಯ ರಸಾಯನ (ಸೆಲ್‌ಗಳಲ್ಲಿ ಬಳಸಿದ ರಾಸಾಯನಿಕಗಳ ಬಗೆ) ಯಾವುದು, ತಯಾರಕರ ವಾರಂಟಿ ಎಷ್ಟು ವರ್ಷ ಮತ್ತು ಎಷ್ಟು ಕಿಲೋಮೀಟರ್, ಮನೆಯಲ್ಲಿ ಗೋಡೆಯ ಚಾರ್ಜರ್ ಇದೆಯೇ, ಕಾರು ರಾತ್ರಿ ನಿಲ್ಲುವುದು ಎಲ್ಲಿ, ವರ್ಷಕ್ಕೆ ಎಷ್ಟು ದೂರ ಓಡುತ್ತದೆ: ಇಷ್ಟನ್ನು ಬರೆದಿಟ್ಟುಕೊಂಡು ಎಲ್ಲ ಕಂಪನಿಗಳಿಗೂ ಅದೇ ಹಾಳೆಯನ್ನು ಕೊಡಬೇಕು. ಒಂದೊಂದು ಕಂಪನಿಗೆ ಒಂದೊಂದು ಬಗೆಯ ಮಾಹಿತಿ ಕೊಟ್ಟು ತರಿಸಿದ ಕೊಟೇಶನ್‌ಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಿಲೋವ್ಯಾಟ್ ಮತ್ತು ಕಿಲೋವ್ಯಾಟ್ ಅವರ್ ಬೇರೆ ಬೇರೆ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸಿಕೊಳ್ಳಿ. ಮೊದಲನೆಯದು ಮೋಟಾರಿನ ಶಕ್ತಿ, ಎರಡನೆಯದು ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಪ್ರಮಾಣ. ಪೆಟ್ರೋಲ್ ಕಾರಿನ ಥರ್ಡ್ ಪಾರ್ಟಿ (ಇತರರಿಗಾದ ಹಾನಿಯ) ಪ್ರೀಮಿಯಂ ಎಂಜಿನ್ನಿನ ಸಿಸಿ ಮೇಲೆ ನಿಂತಿರುವ ಕಡೆ, ಎಲೆಕ್ಟ್ರಿಕ್ ಕಾರಿಗೆ ಮೋಟಾರಿನ ಕಿಲೋವ್ಯಾಟ್ ಆಧಾರವಾಗುತ್ತದೆ. ಉದಾಹರಣೆಗೆ ಭಾರತದಲ್ಲಿ 30 ಮತ್ತು 65 ಕಿಲೋವ್ಯಾಟ್‌ಗಳನ್ನು ಗಡಿಯಾಗಿಟ್ಟು ಖಾಸಗಿ ಕಾರುಗಳನ್ನು ಮೂರು ವರ್ಗ ಮಾಡಲಾಗಿದೆ. ಒಂದೇ ಕಾರಿನ ಎರಡು ಮಾದರಿಗಳ ನಡುವೆ ಆಯ್ಕೆ ಮಾಡುತ್ತಿದ್ದರೆ, ಹೆಚ್ಚು ಶಕ್ತಿಯ ಮಾದರಿ ಇಂಥದೊಂದು ಗಡಿಯನ್ನು ದಾಟುತ್ತದೆಯೇ ಎಂದು ಕಾರು ಕೊಳ್ಳುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಬ್ಯಾಟರಿಯ ಒಡೆತನ ಯಾರದು ಎಂಬ ಪ್ರಶ್ನೆಯನ್ನೂ ಮರೆಯಬಾರದು. ಯುರೋಪಿನಲ್ಲಿ ರೆನೋ ಜೋಯಿ ಕಾರನ್ನು ಬಾಡಿಗೆ ಬ್ಯಾಟರಿಯೊಂದಿಗೆ ಮಾರಲಾಗಿತ್ತು. ಚೀನಾದ ನಿಯೋ ಕಂಪನಿ 2020ರಿಂದ ಬ್ಯಾಟರಿಯನ್ನು ಬೇರೆಯಾಗಿ ಬಾಡಿಗೆಗೆ ಕೊಡುತ್ತಿದೆ. ಬ್ಯಾಟರಿ ನಿಮ್ಮದಲ್ಲದಿದ್ದರೂ ಅದಕ್ಕಾದ ಹಾನಿಯ ಹೊಣೆ ಒಪ್ಪಂದದ ಪ್ರಕಾರ ನಿಮ್ಮದೇ ಆಗಿರಬಹುದು. ಹಾಗಿದ್ದಲ್ಲಿ ಪಾಲಿಸಿಯಲ್ಲಿ ಬ್ಯಾಟರಿಯ ಮಾಲೀಕರ ಹೆಸರು ನಮೂದಾಗಬೇಕು, ವಿಮಾ ಮೌಲ್ಯದಲ್ಲಿ (ಕಾರು ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ) ಬ್ಯಾಟರಿ ಸೇರಿದೆಯೋ ಇಲ್ಲವೋ ಎಂಬುದು ಬರಹದಲ್ಲಿರಬೇಕು.

ಎರಡನೆಯ ಹಂತ: ಕೊಟೇಶನ್ನನ್ನು ಬಿಡಿಸಿ ನೋಡಿ

ಒಟ್ಟು ಮೊತ್ತದೊಳಗೆ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಇತರರಿಗಾದ ಹಾನಿಯನ್ನು ಭರಿಸುವ ಥರ್ಡ್ ಪಾರ್ಟಿ ಭಾಗ ಹೆಚ್ಚಿನ ದೇಶಗಳಲ್ಲಿ ಕಡ್ಡಾಯ. ನಿಮ್ಮ ಸ್ವಂತ ಕಾರಿಗಾದ ಹಾನಿಯ ಭಾಗ ಪ್ರೀಮಿಯಂನ ಬಹುಪಾಲನ್ನು ತೆಗೆದುಕೊಳ್ಳುತ್ತದೆ, ಮತ್ತು ಕಂಪನಿಯಿಂದ ಕಂಪನಿಗೆ ಹೆಚ್ಚು ವ್ಯತ್ಯಾಸ ಕಾಣುವುದೂ ಇಲ್ಲೇ. ಮೂರನೆಯದು ಹೆಚ್ಚುವರಿ ರಕ್ಷಣೆಗಳು: ಸವಕಳಿ ಕಡಿತವಿಲ್ಲದ ರಕ್ಷಣೆ (ಬಿಡಿಭಾಗ ಹಳೆಯದೆಂದು ಹಣ ಕಳೆಯದಿರುವುದು), ಬ್ಯಾಟರಿ ರಕ್ಷಣೆ, ಚಾರ್ಜರ್ ರಕ್ಷಣೆ, ರಸ್ತೆಬದಿಯ ನೆರವು ಇತ್ಯಾದಿ. ಮೂರನ್ನೂ ಮೂರು ಅಂಕಣಗಳಲ್ಲಿ ಬರೆದುಕೊಂಡು, ಅಂಕಣಕ್ಕೆ ಅಂಕಣವನ್ನೇ ಹೋಲಿಸಿ. ಒಂದು ಕಂಪನಿಯ ಮೊತ್ತ ಕಡಿಮೆ ಕಾಣುವುದು ಹಲವು ಸಲ ಎರಡನೆಯ ಅಂಕಣದಲ್ಲಿ ವಿಮಾ ಮೌಲ್ಯವನ್ನು ತಗ್ಗಿಸಿದ್ದರಿಂದ, ಇಲ್ಲವೇ ಮೂರನೆಯ ಅಂಕಣವನ್ನು ಖಾಲಿ ಬಿಟ್ಟಿದ್ದರಿಂದ.

ಮೂರನೆಯ ಹಂತ: ಬ್ಯಾಟರಿಯ ಷರತ್ತನ್ನು ಪದಪದವಾಗಿ ಓದಿ

ಸಮಯ ಕಡಿಮೆ ಇದ್ದು ಒಂದೇ ಒಂದು ಹಂತವನ್ನು ಮಾಡಲು ಸಾಧ್ಯವಿದ್ದರೆ, ಅದು ಇದೇ ಆಗಿರಲಿ.

ಮೊದಲು ಸವಕಳಿಯ ಪಟ್ಟಿ. ಬಿಡಿಭಾಗ ಬದಲಿಸುವಾಗ ಹಳೆಯದರ ಸವಕಳಿಯನ್ನು ಕಳೆದು ಉಳಿದುದನ್ನು ಮಾತ್ರ ಕೊಡುವುದು ವಾಹನ ವಿಮೆಯ ಹಳೆಯ ಪದ್ಧತಿ. ಭಾರತದ ಮೋಟಾರು ಟ್ಯಾರಿಫ್‌ನಲ್ಲಿ (ವಾಹನ ವಿಮೆಯ ದರ ಮತ್ತು ಷರತ್ತುಗಳ ಪಟ್ಟಿ) ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರುಗಳು ಮತ್ತು ಬ್ಯಾಟರಿಗಳಿಗೆ ಶೇ. 50ರಷ್ಟು ಕಡಿತವನ್ನು ಗೊತ್ತುಪಡಿಸಲಾಗಿತ್ತು. ಇಂಥ ಪಟ್ಟಿಗಳು ಸಿದ್ಧವಾದ ಕಾಲದಲ್ಲಿ ಬ್ಯಾಟರಿ ಎಂದರೆ ಬಾನೆಟ್ ಅಡಿಯಲ್ಲಿ ಕೂತಿರುವ 12 ವೋಲ್ಟ್‌ನ ಪೆಟ್ಟಿಗೆ. ಅದರ ಅರ್ಧ ಬೆಲೆ ಕೈಯಿಂದ ಕಟ್ಟುವುದು ಯಾರಿಗೂ ಭಾರವಾಗುತ್ತಿರಲಿಲ್ಲ. ಅದೇ ಒಂದು ಪದ ಇಂದು ಕಾರಿನ ಬೆಲೆಯ ಮೂರನೇ ಒಂದು ಭಾಗಕ್ಕೆ ಅನ್ವಯವಾದರೆ ಏನಾಗುತ್ತದೆ ಎಂಬುದನ್ನು ಯೋಚಿಸಿ. ನಿಮ್ಮ ಪಾಲಿಸಿಯಲ್ಲಿ ‘ಬ್ಯಾಟರಿ’ ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅದು ಯಾವ ಬ್ಯಾಟರಿ ಎಂದು ಲಿಖಿತವಾಗಿ ಕೇಳಿ. ಸವಕಳಿ ಕಡಿತವಿಲ್ಲದ ರಕ್ಷಣೆಯನ್ನು ಹಣ ಕೊಟ್ಟು ಸೇರಿಸಿಕೊಂಡಿದ್ದರೂ, ಅದರೊಳಗೆ ಚಾಲನಾ ಬ್ಯಾಟರಿ, ಅಂದರೆ ಕಾರನ್ನು ಓಡಿಸುವ ದೊಡ್ಡ ಪ್ಯಾಕ್, ಸೇರಿದೆಯೇ ಎಂದು ಬೇರೆಯಾಗಿ ಕೇಳಬೇಕು.

ಇದನ್ನು ಲೆಕ್ಕದಲ್ಲಿ ನೋಡೋಣ. ಕಾರು 100, ಬ್ಯಾಟರಿ 35 ಎಂದಿಟ್ಟುಕೊಳ್ಳಿ. ಬ್ಯಾಟರಿಗೆ ಅರ್ಧ ಸವಕಳಿ ಕಳೆಯುವ ಪಾಲಿಸಿಯ ವಾರ್ಷಿಕ ಪ್ರೀಮಿಯಂ 3, ಕಳೆಯದ ಪಾಲಿಸಿಯದು 3.6. ವ್ಯತ್ಯಾಸ ವರ್ಷಕ್ಕೆ 0.6. ಒಮ್ಮೆ ಪ್ಯಾಕ್ ಬದಲಿಸುವ ಸಂದರ್ಭ ಬಂದರೆ ಮೊದಲ ಪಾಲಿಸಿಯವರ ಜೇಬಿನಿಂದ ಹೋಗುವುದು 17.5. ಅಂದರೆ ಕಡಿಮೆ ಪ್ರೀಮಿಯಂನಿಂದ ಸುಮಾರು 29 ವರ್ಷ ಉಳಿಸಿದ ಹಣ ಆ ಒಂದೇ ದಿನ ಕೈಬಿಡುತ್ತದೆ. ಪ್ಯಾಕ್ ಪೂರ್ತಿ ಹಾಳಾಗುವುದು ಅಪರೂಪ ಎಂಬುದು ನಿಜ, ಹಾಗಾಗಿ ಸರಾಸರಿಯ ಲೆಕ್ಕದಲ್ಲಿ ಅಗ್ಗದ ಪಾಲಿಸಿಯೇ ಗೆಲ್ಲಲೂಬಹುದು. ಆದರೆ ಅಪರೂಪಕ್ಕೆ ಬರುವ, ಬಂದರೆ ತಡೆದುಕೊಳ್ಳಲಾಗದ ನಷ್ಟಕ್ಕಾಗಿಯೇ ಜನ ವಿಮೆ ಮಾಡಿಸುವುದು. ಸಣ್ಣ ಗೀರುಗಳಿಗೆ ರಕ್ಷಣೆ ಕೊಂಡು ಬ್ಯಾಟರಿಯನ್ನು ಅರ್ಧ ಬಯಲಿಗೆ ಬಿಡುವುದು ನನ್ನ ದೃಷ್ಟಿಯಲ್ಲಿ ತಲೆಕೆಳಗಾದ ಆಯ್ಕೆ.

ಎರಡನೆಯದಾಗಿ, ಯಾವ ಕಾರಣದ ಹಾನಿಗೆ ಹಣ ಬರುತ್ತದೆ ಎಂಬುದನ್ನು ನೋಡಿ. ಡಿಕ್ಕಿ, ಬೆಂಕಿ, ಕಳವು, ಪ್ರವಾಹ ಇವು ಸಮಗ್ರ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತವೆ. ತಕರಾರು ಹುಟ್ಟುವುದು ಅಂಚಿನ ಪ್ರಕರಣಗಳಲ್ಲಿ: ನಿಂತ ನೀರಿನಲ್ಲಿ ಕಾರು ಓಡಿಸಿದ್ದರಿಂದ ಪ್ಯಾಕಿನೊಳಗೆ ನೀರು ಸೇರಿದ್ದು, ಚಾರ್ಜ್ ಆಗುತ್ತಿರುವಾಗ ವಿದ್ಯುತ್ ಏರಿಳಿತದಿಂದ ಕಾರಿನೊಳಗಿನ ಚಾರ್ಜರ್ ಸುಟ್ಟದ್ದು, ಕಾರಿನ ಅಡಿಭಾಗಕ್ಕೆ ಕಲ್ಲು ಬಡಿದು ಶೀತಕ ದ್ರವದ ಕೊಳವೆ ಸೋರಿ ಎರಡು ವಾರದ ನಂತರ ಸೆಲ್‌ಗಳು ಕೆಟ್ಟದ್ದು. ಕೊನೆಯ ಪ್ರಕರಣದಲ್ಲಿ ಕಲ್ಲಿನ ಪೆಟ್ಟು ಅಪಘಾತ, ನಂತರದ ಹಾನಿ ಮಾಲೀಕರ ನಿರ್ಲಕ್ಷ್ಯ ಎಂದು ವಾದಿಸಲು ಕಂಪನಿಗೆ ಅವಕಾಶವಿರುತ್ತದೆ. ಈ ಮೂರನ್ನೂ ಹೆಸರಿಸಿ, ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ನೀರಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಅನೇಕ ಪ್ಯಾಕ್‌ಗಳಿಗೆ ಐಪಿ67 ಎಂಬ ಮಾನ್ಯತೆ ಇರುತ್ತದೆ. ಧೂಳು ಒಳನುಗ್ಗದು, 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಹಾನಿಯಾಗದು ಎಂಬುದು ಅದರ ಅರ್ಥ; ಪರೀಕ್ಷೆ ನಡೆಯುವುದು ಸುಸ್ಥಿತಿಯಲ್ಲಿರುವ ಸೀಲ್‌ಗಳೊಂದಿಗೆ, ಶುದ್ಧ ನೀರಿನಲ್ಲಿ. ಗಂಟೆಗಟ್ಟಲೆ ನಿಂತ ಪ್ರವಾಹದ ನೀರಿಗೂ ಸಮುದ್ರದ ಉಪ್ಪುನೀರಿಗೂ ಆ ಭರವಸೆ ಅನ್ವಯಿಸುವುದಿಲ್ಲ. 2022ರಲ್ಲಿ ಇಯಾನ್ ಚಂಡಮಾರುತ ಅಮೆರಿಕದ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ, ಸಮುದ್ರದ ನೀರಿನಲ್ಲಿ ಮುಳುಗಿದ್ದ ಕೆಲವು ಎಲೆಕ್ಟ್ರಿಕ್ ಕಾರುಗಳಿಗೆ ನೀರು ಇಳಿದ ನಂತರ ಬೆಂಕಿ ಹತ್ತಿಕೊಂಡಿತು. ತಗ್ಗು ಪ್ರದೇಶದಲ್ಲಿ, ನೆಲಮಾಳಿಗೆಯಲ್ಲಿ ಅಥವಾ ಕಡಲತೀರದಲ್ಲಿ ಕಾರು ನಿಲ್ಲಿಸುವವರು ನೀರಿನಿಂದಾದ ಬ್ಯಾಟರಿ ಹಾನಿಯ ರಕ್ಷಣೆಯನ್ನು ಬಿಡಬಾರದು.

ಮೂರನೆಯದಾಗಿ, ವಾರಂಟಿ ಮತ್ತು ವಿಮೆಯ ನಡುವಿನ ಗೆರೆ. ಬ್ಯಾಟರಿ ವರ್ಷ ಕಳೆದಂತೆ ಸಾಮರ್ಥ್ಯ ಕಳೆದುಕೊಳ್ಳುವುದು ವಿಮೆಯ ವಿಷಯವಲ್ಲ. ಅದನ್ನು ತಯಾರಕರ ವಾರಂಟಿ ನೋಡಿಕೊಳ್ಳುತ್ತದೆ, ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿಲೋಮೀಟರ್‌ವರೆಗೆ ಶೇ. 70ರಷ್ಟು ಸಾಮರ್ಥ್ಯ ಉಳಿಯುತ್ತದೆ ಎಂಬ ಭರವಸೆಯೊಂದಿಗೆ. ಹೊರಗಿನಿಂದ ಹಠಾತ್ತನೆ ಬಂದ ಹಾನಿ ವಿಮೆಯ ಪಾಲು. ಕಾಗದದ ಮೇಲೆ ಗೆರೆ ಇಷ್ಟು ಸ್ಪಷ್ಟವಾಗಿದ್ದರೂ, ಕೆಟ್ಟ ಪ್ಯಾಕ್ ಎದುರಿಗಿರುವಾಗ ತಯಾರಕರು ‘ಹೊರಗಿನ ಪೆಟ್ಟು’ ಎಂದು, ವಿಮಾ ಕಂಪನಿ ‘ಒಳಗಿನ ದೋಷ’ ಎಂದು ಹೇಳಿದರೆ ಮಾಲೀಕರು ನಡುವೆ ಸಿಕ್ಕಿಕೊಳ್ಳುತ್ತಾರೆ. ಎರಡೂ ದಾಖಲೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಯಾವ ಹಾನಿ ಎರಡರಿಂದಲೂ ಹೊರಗುಳಿಯುತ್ತದೆ ಎಂದು ಗುರುತು ಹಾಕಿ. ಕೆಲವು ವಾರಂಟಿಗಳು ಅಧಿಕೃತವಲ್ಲದ ವರ್ಕ್‌ಶಾಪಿನಲ್ಲಿ ಪ್ಯಾಕ್ ತೆರೆದರೆ ರದ್ದಾಗುತ್ತವೆ. ವಿಮಾ ಕಂಪನಿ ಕಡಿಮೆ ಖರ್ಚಿಗೆಂದು ಅಂಥ ಕಡೆಗೆ ಕಳಿಸಿದರೆ ನೀವು ಒಪ್ಪಬೇಕಾಗಿಲ್ಲ ಎಂಬುದು ಪಾಲಿಸಿಯಲ್ಲಿ ಇರಬೇಕು.

ನಾಲ್ಕನೆಯ ಹಂತ: ವಿಮಾ ಮೌಲ್ಯವನ್ನು ನೀವೇ ನಿರ್ಧರಿಸಿ

ಕಾರು ಪೂರ್ತಿ ಹಾಳಾದರೆ ಅಥವಾ ಕಳವಾದರೆ ಕೈಗೆ ಬರುವ ಗರಿಷ್ಠ ಮೊತ್ತವೇ ವಿಮಾ ಮೌಲ್ಯ. ಅದನ್ನು ತಗ್ಗಿಸಿದಷ್ಟೂ ಪ್ರೀಮಿಯಂ ಇಳಿಯುತ್ತದೆ, ಆದ್ದರಿಂದ ಅಗ್ಗದ ಕೊಟೇಶನ್ ಕೊಡಲು ಇದು ಎಲ್ಲರಿಗೂ ಸುಲಭದ ದಾರಿ. ಎಲೆಕ್ಟ್ರಿಕ್ ಕಾರಿನಲ್ಲಿ ಇದರಿಂದ ಇನ್ನೊಂದು ತೊಡಕೂ ಇದೆ.

ನಾಲ್ಕು ವರ್ಷದ ನಂತರ ಕಾರಿನ ವಿಮಾ ಮೌಲ್ಯ 50ಕ್ಕೆ ಇಳಿದಿದೆ ಎಂದುಕೊಳ್ಳೋಣ. ಹೊಸ ಪ್ಯಾಕಿನ ಬೆಲೆ ಈಗಲೂ 35, ಕೂಲಿ ಮತ್ತು ಇತರ ರಿಪೇರಿ 8, ಒಟ್ಟು 43. ಇದು ವಿಮಾ ಮೌಲ್ಯದ ಶೇ. 86. ರಿಪೇರಿಯ ಅಂದಾಜು ಒಂದು ಮಿತಿಯನ್ನು, ಉದಾಹರಣೆಗೆ ಶೇ. 75ನ್ನು ದಾಟಿದರೆ ವಾಹನವನ್ನು ಟೋಟಲ್ ಲಾಸ್, ಅಂದರೆ ಪೂರ್ತಿ ನಷ್ಟ ಎಂದು ಪರಿಗಣಿಸುವ ನಿಯಮವಿದ್ದಲ್ಲಿ, ಬಾಗಿಲು, ಸೀಟು, ಮೋಟಾರು ಎಲ್ಲ ಚೆನ್ನಾಗಿರುವ ಕಾರು ಗುಜರಿಯ ದಾರಿ ಹಿಡಿಯುತ್ತದೆ, ನಿಮಗೆ 50ರಿಂದ ಸ್ವಂತ ಪಾಲನ್ನು (ಪ್ರತಿ ಕ್ಲೇಮ್‌ನಲ್ಲಿ ನೀವೇ ಭರಿಸಬೇಕಾದ ಮೊತ್ತ) ಕಳೆದ ಹಣ ಬರುತ್ತದೆ. ಅದೇ ಕಾರಿನ ವಿಮಾ ಮೌಲ್ಯ 60 ಇದ್ದಿದ್ದರೆ 43 ಎಂಬುದು ಶೇ. 72ರಷ್ಟೇ, ಕಾರು ರಿಪೇರಿಯಾಗಿ ಮನೆಗೆ ಬರುತ್ತಿತ್ತು. ವಿಮಾ ಮೌಲ್ಯದಲ್ಲಿ ಹತ್ತು ಅಂಶ ತಗ್ಗಿಸಿ ಉಳಿಸಿದ ಪ್ರೀಮಿಯಂ ಕಾರಿನ ಅಳಿವು ಉಳಿವನ್ನೇ ನಿರ್ಧರಿಸಿಬಿಡಬಹುದು.

ಹಾಗೆಂದು ಮೌಲ್ಯವನ್ನು ಮನಸ್ಸಿಗೆ ಬಂದಷ್ಟು ಏರಿಸುವುದರಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಹಲವು ಪಾಲಿಸಿಗಳು ಕೊನೆಗೆ ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುತ್ತವೆ. ಅದೇ ಮಾದರಿಯ, ಅದೇ ವರ್ಷದ, ಅದೇ ಬ್ಯಾಟರಿ ಸಾಮರ್ಥ್ಯದ ಬಳಸಿದ ಕಾರುಗಳು ಎಷ್ಟಕ್ಕೆ ಮಾರಾಟವಾಗುತ್ತಿವೆ ಎಂದು ನಾಲ್ಕೈದು ಕಡೆ ನೋಡಿ, ಆ ಬೆಲೆಯನ್ನು ನಮೂದಿಸಲು ಕೇಳಿ. ಬ್ಯಾಟರಿಯ ಆರೋಗ್ಯದ ವರದಿ ಚೆನ್ನಾಗಿದ್ದರೆ ಅದನ್ನೂ ಲಗತ್ತಿಸಿ. ಹೊಸ ಕಾರಾದರೆ ಮೊದಲ ಒಂದೆರಡು ವರ್ಷ ಟೋಟಲ್ ಲಾಸ್‌ಗೆ ಪೂರ್ತಿ ಖರೀದಿ ಬೆಲೆ ಕೊಡುವ ಹೆಚ್ಚುವರಿ ರಕ್ಷಣೆ ಸಿಕ್ಕರೆ ತೆಗೆದುಕೊಳ್ಳಬಹುದು, ಅದರಲ್ಲೂ ಸಾಲ ಮಾಡಿ ಕಾರು ಕೊಂಡವರು: ಬಳಸಿದ ಎಲೆಕ್ಟ್ರಿಕ್ ಕಾರಿನ ಬೆಲೆ ಹಲವು ಮಾರುಕಟ್ಟೆಗಳಲ್ಲಿ ವೇಗವಾಗಿ ಇಳಿಯುತ್ತದೆ, ಉಳಿದ ಸಾಲ ವಿಮಾ ಮೌಲ್ಯಕ್ಕಿಂತ ಹೆಚ್ಚಾಗಿ ನಿಲ್ಲುವ ಸಂದರ್ಭ ಬರಬಹುದು.

ಐದನೆಯ ಹಂತ: ಸ್ವಂತ ಪಾಲು, ರಿಯಾಯಿತಿ, ಬೋನಸ್

ಪ್ರತಿ ಕ್ಲೇಮ್‌ನಲ್ಲಿ ಮೊದಲು ನೀವು ಭರಿಸಬೇಕಾದ ಮೊತ್ತವನ್ನು ಡಿಡಕ್ಟಿಬಲ್ ಎನ್ನುತ್ತಾರೆ. ಅದನ್ನು 1ರಿಂದ 2ಕ್ಕೆ ಏರಿಸಿದರೆ ಪ್ರೀಮಿಯಂ 0.3 ಇಳಿಯುತ್ತದೆ ಎಂದಾದಲ್ಲಿ, ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕ್ಲೇಮ್ ಇಲ್ಲದೆ ಓಡಿಸಿದರೆ ಮಾತ್ರ ಅದು ಲಾಭ. ಪ್ರೀಮಿಯಂ ತಗ್ಗಿಸಲೇಬೇಕಿದ್ದರೆ ಬ್ಯಾಟರಿ ರಕ್ಷಣೆಯನ್ನು ಬಿಡುವುದಕ್ಕಿಂತ ಡಿಡಕ್ಟಿಬಲ್ ಏರಿಸುವುದು ಮೇಲು, ಏಕೆಂದರೆ ಇಲ್ಲಿ ನಷ್ಟದ ಮಿತಿ ಮೊದಲೇ ಗೊತ್ತಿರುತ್ತದೆ. ಬ್ಯಾಟರಿ ಕ್ಲೇಮ್‌ಗೆ ಬೇರೆಯದೇ ದೊಡ್ಡ ಡಿಡಕ್ಟಿಬಲ್ ಇದೆಯೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಚಾಲನೆಯ ರೀತಿಯನ್ನು ಅಳೆದು ಪ್ರೀಮಿಯಂ ನಿಗದಿಪಡಿಸುವ ಪಾಲಿಸಿಗಳೂ ಇವೆ. ಟೆಸ್ಲಾ 2019ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ವಿಮಾ ವ್ಯವಹಾರ ಆರಂಭಿಸಿ, 2021ರಿಂದ ಬೇರೆ ಕೆಲವು ರಾಜ್ಯಗಳಲ್ಲಿ ಕಾರೇ ಕಳಿಸುವ ಮಾಹಿತಿಯ ಮೇಲೆ ತಿಂಗಳ ಪ್ರೀಮಿಯಂ ನಿರ್ಧರಿಸತೊಡಗಿತು. ಕಡಿಮೆ ಓಡಿಸುವವರಿಗೆ, ಮೆಲ್ಲಗೆ ಬ್ರೇಕ್ ಹಾಕುವವರಿಗೆ ಇದರಿಂದ ಉಳಿತಾಯವಾಗುತ್ತದೆ. ಎಲೆಕ್ಟ್ರಿಕ್ ಕಾರು ನಿಂತಲ್ಲಿಂದ ಥಟ್ಟನೆ ಚಿಮ್ಮುತ್ತದೆ. ಹೊಸಬರು ಆ ವೇಗೋತ್ಕರ್ಷಕ್ಕೆ ಹೊಂದಿಕೊಳ್ಳುವವರೆಗೆ ಅವರ ಚಾಲನೆಗೆ ಸಿಗುವ ಅಂಕ ಕಡಿಮೆ ಬರುವ ಸಂಭವವಿರುವುದರಿಂದ, ಕಾರು ಕೈಗೆ ಹತ್ತಿದ ಮೇಲೆ, ಅಂದರೆ ಎರಡನೆಯ ವರ್ಷದಿಂದ ಇಂಥ ಪಾಲಿಸಿಗೆ ಬದಲಾಗುವುದು ಜಾಣತನ.

ನೋ ಕ್ಲೇಮ್ ಬೋನಸ್ (ಹಿಂದೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇರುವವರು ಸಣ್ಣ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಬೇಕು. ಸ್ವಂತ ಹಾನಿಯ ಪ್ರೀಮಿಯಂ 2.4 ಇದ್ದು ಬೋನಸ್ ಶೇ. 35 ಆಗಿದ್ದರೆ, ಒಂದು ಕ್ಲೇಮ್‌ನಿಂದ ಮುಂದಿನ ವರ್ಷವೇ 0.84 ಹೋಗುತ್ತದೆ, 0.7ರ ಬಂಪರ್ ರಿಪೇರಿಗೆ ಕ್ಲೇಮ್ ಮಾಡುವುದರಲ್ಲಿ ಅರ್ಥವಿಲ್ಲ. ಕಾರಿನ ಅಡಿಗೆ ಬಿದ್ದ ಪೆಟ್ಟಿಗೆ ಮಾತ್ರ ಈ ಲೆಕ್ಕ ಅನ್ವಯಿಸಬೇಡಿ. ಅದು ಎಷ್ಟೇ ಸಣ್ಣದಾಗಿ ಕಂಡರೂ ತಪಾಸಣೆ ಮಾಡಿಸಿ, ವರದಿ ತೆಗೆದಿಟ್ಟುಕೊಳ್ಳಿ. ಇವತ್ತು ಮುಚ್ಚಿಟ್ಟ ತಗ್ಗು ಆರು ತಿಂಗಳ ನಂತರ ಬ್ಯಾಟರಿ ಕ್ಲೇಮ್ ತಿರಸ್ಕರಿಸಲು ಕಾರಣವಾಗುತ್ತದೆ.

ಆರನೆಯ ಹಂತ: ಚಾರ್ಜರ್, ಕೇಬಲ್, ಎಳೆದೊಯ್ಯುವ ವಾಹನ

ಗೋಡೆಯ ಚಾರ್ಜರ್ ಕಾರಿನ ಪಾಲಿಸಿಯಲ್ಲಿ ಸೇರಿದೆಯೋ, ಮನೆಯ ವಿಮೆಯಲ್ಲಿ ಸೇರಿದೆಯೋ ಎಂದು ನೋಡಿ. ಎರಡರಲ್ಲೂ ಇಲ್ಲದಿರುವುದು ಅಪರೂಪವೇನಲ್ಲ. ಕೇಬಲ್ ಕಳವಾದರೆ, ಅಥವಾ ಹಾದಿಯಲ್ಲಿ ಚಾಚಿದ ನಿಮ್ಮ ಕೇಬಲ್‌ಗೆ ಎಡವಿ ಯಾರಾದರೂ ಬಿದ್ದರೆ ಹೊಣೆ ಯಾರದು ಎಂಬುದನ್ನೂ ಕೇಳಿ. ರಸ್ತೆಬದಿಯ ನೆರವಿನಲ್ಲಿ ಚಾರ್ಜ್ ಮುಗಿದು ನಿಂತದ್ದು ಸೇರಿರಬೇಕು, ಮತ್ತು ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಫ್ಲ್ಯಾಟ್‌ಬೆಡ್ ವಾಹನ ಕಳಿಸುವ ಭರವಸೆ ಇರಬೇಕು. ಚಕ್ರ ನೆಲದ ಮೇಲೆ ಉರುಳುವಂತೆ ಎಳೆದರೆ ಚಕ್ರದೊಡನೆ ಮೋಟಾರೂ ತಿರುಗಿ ವಿದ್ಯುತ್ ಹುಟ್ಟಿಸುತ್ತದೆ, ಅದರಿಂದಾದ ಹಾನಿಗೆ ಹೊಣೆ ಹೊರುವವರು ಸಿಗುವುದಿಲ್ಲ.

ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಖರ್ಚು ಪೆಟ್ಟು ತಿಂದ ಕಾರನ್ನು ನಿಲ್ಲಿಸಿಡುವ ಜಾಗದ್ದು. ಪೆಟ್ಟು ತಿಂದ ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಬೆಂಕಿ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದರಿಂದ, ಅಂಥ ಕಾರನ್ನು ಇತರ ವಾಹನ ಮತ್ತು ಕಟ್ಟಡಗಳಿಂದ ಸುಮಾರು 15 ಮೀಟರ್ ದೂರದ ಬಯಲಿನಲ್ಲಿ ನಿಲ್ಲಿಸಬೇಕೆಂಬ ಸಲಹೆ ಇದೆ. ಒಂದು ಕಾರು ಹಲವು ಕಾರುಗಳ ಜಾಗ ಹಿಡಿಯುತ್ತದೆ, ಅದಕ್ಕೆ ದಿನದ ಬಾಡಿಗೆ ಬೀಳುತ್ತದೆ. ಆ ಬಾಡಿಗೆಯನ್ನು ಪಾಲಿಸಿ ಕೊಡುತ್ತದೆಯೇ, ಎಷ್ಟು ದಿನದವರೆಗೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಏಳನೆಯ ಹಂತ: ಎಲ್ಲಿ ರಿಪೇರಿ, ಎಷ್ಟು ದಿನ

ಕಂಪನಿಯ ಪಟ್ಟಿಯಲ್ಲಿರುವ ವರ್ಕ್‌ಶಾಪುಗಳಲ್ಲಿ ನಿಮ್ಮ ಮಾದರಿಯ ಅಧಿಕ ವೋಲ್ಟೇಜ್ ಕೆಲಸಕ್ಕೆ ಅನುಮತಿ ಇರುವುದು ಎಷ್ಟು, ಅವು ಎಷ್ಟು ದೂರ ಎಂದು ಕೇಳಿ. ಪ್ಯಾಕನ್ನು ತೆರೆದು ಕೆಟ್ಟ ಮಾಡ್ಯೂಲ್ (ಸೆಲ್‌ಗಳ ಒಂದು ಗುಂಪು) ಮಾತ್ರ ಬದಲಿಸುವ ವ್ಯವಸ್ಥೆ ಇದೆಯೇ ಎಂಬ ಪ್ರಶ್ನೆಯನ್ನು ಕಾರು ಮಾರುವವರಿಗೂ ಕೇಳಬೇಕು. ಮಾಡ್ಯೂಲ್ ಬದಲಿಸಬಹುದಾದ ಕಾರಿಗೂ, ಸೆಲ್‌ಗಳನ್ನು ಅಂಟಿನಿಂದ ಒಂದೇ ಗಟ್ಟಿಯಾಗಿ ಕೂರಿಸಿದ ಕಾರಿಗೂ ರಿಪೇರಿಯ ವೆಚ್ಚದಲ್ಲಿ ಅಜಗಜಾಂತರ. ಬಿಡಿಭಾಗ ಬರುವವರೆಗೆ ಬದಲಿ ಕಾರು ಕೊಡುವ ರಕ್ಷಣೆ ಏಳು ದಿನಕ್ಕೆ ಸೀಮಿತವಾಗಿದ್ದರೆ ಹೆಚ್ಚು ಉಪಯೋಗವಿಲ್ಲ.

ಎಂಟನೆಯ ಹಂತ: ಏನನ್ನೂ ಮುಚ್ಚಿಡಬೇಡಿ

ಖಾಸಗಿ ಪಾಲಿಸಿಯ ಕಾರನ್ನು ಬಾಡಿಗೆಗೆ ಓಡಿಸಿದರೆ ಕ್ಲೇಮ್ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಹೊಸದೊಂದು ಸಂಗತಿ ಸೇರಿದೆ: ಕೆಲವು ಮಾದರಿಗಳಿಗೆ ಹಣ ಕೊಟ್ಟರೆ ಸಾಫ್ಟ್‌ವೇರ್ ಮೂಲಕವೇ ಹೆಚ್ಚಿನ ಶಕ್ತಿ ದೊರೆಯುತ್ತದೆ. ಒಂದು ಬೋಲ್ಟನ್ನೂ ಮುಟ್ಟಿರದಿದ್ದರೂ ಕಾರು ಪಾಲಿಸಿಯಲ್ಲಿ ಬರೆದಿರುವ ಕಾರಾಗಿ ಉಳಿಯುವುದಿಲ್ಲ. ಅಂಥ ಬದಲಾವಣೆ ಮಾಡಿಸಿಕೊಂಡ ದಿನವೇ ಕಂಪನಿಗೆ ತಿಳಿಸಿ, ತಿಳಿಸಿದ್ದಕ್ಕೆ ಸ್ವೀಕೃತಿ ಪಡೆಯಿರಿ.

ಒಂಬತ್ತನೆಯ ಹಂತ: ಕ್ಲೇಮ್‌ಗೆ ಬೇಕಾದ ಸಾಕ್ಷ್ಯವನ್ನು ಮೊದಲೇ ಸಿದ್ಧಪಡಿಸಿ

ಪಾಲಿಸಿ ಆರಂಭವಾದ ವಾರವೇ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಬ್ಯಾಟರಿ ತಟ್ಟೆಯ ಮುಂಭಾಗ, ನಡುಭಾಗ, ಹಿಂಭಾಗಗಳ ಫೋಟೋಗಳನ್ನು ದಿನಾಂಕ ಕಾಣುವಂತೆ ತೆಗೆಯಿರಿ. ಪ್ರತಿ ಸರ್ವಿಸ್‌ನಲ್ಲೂ ಬ್ಯಾಟರಿ ಆರೋಗ್ಯದ ವರದಿಯನ್ನು ಕೇಳಿ ಪಡೆಯಿರಿ. ಹಾನಿ ಯಾವಾಗ ಆಯಿತು ಎಂಬ ವಾದ ಎದ್ದಾಗ ಈ ಎರಡಕ್ಕಿಂತ ಗಟ್ಟಿಯಾದ ದಾಖಲೆ ಮಾಲೀಕರ ಕೈಯಲ್ಲಿ ಇರಲಾರದು.

ಅಡಿಗೆ ಪೆಟ್ಟು ಬಿದ್ದಾಗ ಅಥವಾ ಕಾರು ನೀರಿನಲ್ಲಿ ನಿಂತಾಗ, ಚಾರ್ಜ್ ಮಾಡಿ ನೋಡೋಣ, ಸ್ವಲ್ಪ ಓಡಿಸಿ ನೋಡೋಣ ಎಂದು ಹೊರಡಬೇಡಿ. ಕಾರಿನಿಂದ ದೂರ ಸರಿದು, ಸ್ಥಳದ ಮತ್ತು ಡ್ಯಾಶ್‌ಬೋರ್ಡಿನ ಎಚ್ಚರಿಕೆಗಳ ಫೋಟೋ ತೆಗೆದು, ಕಂಪನಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ಸಿಹಿ ವಾಸನೆಯ ಹೊಗೆ, ಸಿಡಿಯುವ ಅಥವಾ ಬುಸುಗುಡುವ ಸದ್ದು ಕಂಡುಬಂದರೆ ಮೊದಲ ಕರೆ ಅಗ್ನಿಶಾಮಕ ದಳಕ್ಕೆ ಹೋಗಲಿ. ಹಾನಿಯನ್ನು ಅಂದಾಜು ಮಾಡುವ ಸರ್ವೇಯರ್ ಬಂದಾಗ ಹೊರಗಿನ ನೋಟದ ಮೇಲೆ ಮಾತ್ರ ವರದಿ ಬರೆಯದೆ, ದೋಷದ ಕೋಡ್‌ಗಳು, ಸೆಲ್‌ಗಳ ವೋಲ್ಟೇಜ್ ವ್ಯತ್ಯಾಸ ಮತ್ತು ನಿರೋಧನದ ಅಳತೆಯನ್ನು ಸೇರಿಸುವಂತೆ ಕೇಳಿಕೊಳ್ಳಿ. ನಿರೋಧನ ಅಂದರೆ ಅಧಿಕ ವೋಲ್ಟೇಜ್ ಜಾಲಕ್ಕೂ ಕಾರಿನ ಲೋಹದ ಮೈಗೂ ನಡುವಿನ ತಡೆ. ನೀರು ಅಥವಾ ಶೀತಕ ದ್ರವ ಒಳಸೇರಿದ್ದರೆ ಈ ಅಳತೆ ಕುಸಿದಿರುತ್ತದೆ. ಪೂರ್ತಿ ಪ್ಯಾಕ್ ಬದಲಿಸಬೇಕೆಂಬ ಅಂದಾಜು ಬಂದು, ಅದರಿಂದ ಕಾರು ಟೋಟಲ್ ಲಾಸ್ ಆಗುವಂತಿದ್ದರೆ, ಮಾಡ್ಯೂಲ್ ರಿಪೇರಿಯ ಎರಡನೆಯ ಅಂದಾಜನ್ನು ತರಿಸಿಕೊಳ್ಳುವವರೆಗೆ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ.

ನವೀಕರಣದ ಸಮಯದಲ್ಲಿ

ಪ್ರತಿ ವರ್ಷ ಈ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ, ಏಕೆಂದರೆ ಅದರೊಳಗಿನ ಅಂಕಿಗಳು ನಿಂತಲ್ಲಿ ನಿಲ್ಲುವುದಿಲ್ಲ. ಲಿಥಿಯಂ ಅಯಾನ್ ಪ್ಯಾಕಿನ ಸರಾಸರಿ ಬೆಲೆ 2010ರಿಂದ 2024ರ ನಡುವೆ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿದಿದೆ. ಕಾರ್ಖಾನೆ ಕೊಳ್ಳುವ ಆ ಬೆಲೆ ನಿಮ್ಮ ಮಾದರಿಯ ಬಿಡಿಭಾಗದ ಪಟ್ಟಿಗೆ ತಲುಪಲು ಸಮಯ ಹಿಡಿದರೂ, ಪಟ್ಟಿಯ ಬೆಲೆ ಇಳಿದ ವರ್ಷ ಟೋಟಲ್ ಲಾಸ್‌ನ ಲೆಕ್ಕ ನಿಮ್ಮ ಪರವಾಗಿ ಬದಲಾಗುತ್ತದೆ. ಆದ್ದರಿಂದ ನವೀಕರಣಕ್ಕೆ ಒಂದು ತಿಂಗಳ ಮೊದಲು ಅಧಿಕೃತ ಸರ್ವಿಸ್ ಕೇಂದ್ರದಿಂದ ಪ್ಯಾಕಿನ ಅಂದಿನ ಬೆಲೆಯನ್ನು ಬರೆಸಿಕೊಂಡು, ಅದನ್ನು ಹೊಸ ವಿಮಾ ಮೌಲ್ಯದಿಂದ ಭಾಗಿಸಿ ನೋಡಿ. ಭಾಗಲಬ್ಧ ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ರಕ್ಷಣೆಯನ್ನು ಮುಂದುವರಿಸುವುದು ಲಾಭದಾಯಕ. ಒಂದರ ಹತ್ತಿರ ಬಂದಿದ್ದರೆ ಸವಕಳಿ ಕಡಿತವಿಲ್ಲದ ದುಬಾರಿ ರಕ್ಷಣೆಗೆ ಹಣ ಹಾಕುವುದರಲ್ಲಿ ಹುರುಳಿಲ್ಲ, ಏಕೆಂದರೆ ಬ್ಯಾಟರಿಗೆ ದೊಡ್ಡ ಪೆಟ್ಟು ಬಿದ್ದರೆ ಕಾರು ಹೇಗೂ ಟೋಟಲ್ ಲಾಸ್ ಆಗುತ್ತದೆ. ಆಗ ಆ ಹಣವನ್ನು ವಿಮಾ ಮೌಲ್ಯವನ್ನು ಮಾರುಕಟ್ಟೆ ಬೆಲೆಗೆ ಸರಿಯಾಗಿ ಇರಿಸಿಕೊಳ್ಳಲು ಬಳಸಿ. ತಯಾರಕರ ವಾರಂಟಿ ಮುಗಿಯುವ ವರ್ಷವನ್ನೂ ಅದೇ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ: ಆ ವರ್ಷದ ನಂತರ ‘ಒಳಗಿನ ದೋಷ’ ಎಂಬ ಉತ್ತರ ವಿಮಾ ಕಂಪನಿಯಿಂದ ಬಂದರೆ, ಹೋಗಿ ಕೇಳಲು ಇನ್ನೊಂದು ಬಾಗಿಲು ಇರುವುದಿಲ್ಲ.